ಕಾಡಿಲ್ಲದ ಸೀಮೆಯಿಂದ ಕಾಡಿನ ಓದಿಗೆ: ಬಿಎಸ್ಸಿ ಫಾರೆಸ್ಟ್ರಿ ಬಗ್ಗೆ ಜವಳಗೇರಾ ಭಾಗದವರು ತಿಳಿದಿರಬೇಕಾದ ಸಂಗತಿ

ಜವಳಗೇರಾ: ಸಿಂಧನೂರಿನಿಂದ ರಾಯಚೂರು ಕಡೆ ಹೊರಟು ಜವಳಗೇರಾ ದಾಟುವವರಿಗೆ ಕಾಣೋದು ಭತ್ತದ ಗದ್ದೆ, ಕಾಲುವೆ, ಬೀಜ ನಿಗಮದ ಫಾರ್ಮ್, ಬದುವಿನ ಮೇಲೊಂದು ಬೇವು, ಹಳ್ಳದ ಗುಂಟ ಬಳ್ಳಾರಿ ಜಾಲಿ. ಕಾಡು ಅನ್ನೋದು ಎಲ್ಲೂ ಕಣ್ಣಿಗೆ ಬೀಳೋದಿಲ್ಲ. ಹೀಗಾಗಿ ಪಿಯುಸಿ ಮುಗಿಸಿದ ಹುಡುಗನೋ ಹುಡುಗಿಯೋ "ಫಾರೆಸ್ಟ್ರಿ ಓದ್ತೀನಿ" ಅಂದ್ರ ಮನ್ಯಾಗ ಬರೋ ಮೊದಲ ಮಾತು ಒಂದೇ: "ಇಲ್ಲಿ ಗಿಡಾನೇ ಇಲ್ಲ, ಅದನ್ನ ಓದಿ ಏನ್ ಮಾಡ್ತಿ?"

ಪ್ರಶ್ನೆ ಸರಿಯಾದದ್ದೇ. ರಾಜ್ಯದಲ್ಲಿ ಅತೀ ಕಡಿಮೆ ಅರಣ್ಯ ಇರುವ ಜಿಲ್ಲೆಗಳ ಸಾಲಿನಲ್ಲಿ ರಾಯಚೂರು ಇದೆ. ದೇಶದ ಭೂಮಿಯಲ್ಲಿ ಮೂರನೇ ಒಂದು ಪಾಲು ಕಾಡು, ಮರಗಳಿರಬೇಕು ಅಂತ 1988ರ ರಾಷ್ಟ್ರೀಯ ಅರಣ್ಯ ನೀತಿ ಹೇಳುತ್ತದೆ. ಆ ಗುರಿಗೂ ಈ ಜಿಲ್ಲೆಗೂ ಆಕಾಶ ಭೂಮಿಯ ಅಂತರ. ಆದರೆ ಇದ್ದದ್ದೇ ನಾಲ್ಕು ಗಿಡ ಅಂದಾಗ, ಆ ನಾಲ್ಕು ಯಾಕೆ ಒಣಗುತ್ತಿವೆ, ಐದನೆಯದನ್ನು ಎಲ್ಲಿ ಹಚ್ಚಬೇಕು ಅಂತ ಗೊತ್ತಿರುವವರು ಊರಿಗೊಬ್ಬರಾದರೂ ಬೇಕಲ್ಲ. ಆ ಓದು ಏನು, ಎಲ್ಲಿ ಸಿಗುತ್ತದೆ, ಸೇರೋದು ಹೇಗೆ, ಮುಂದೆ ಹೊಟ್ಟೆಪಾಡು ಏನು ಅನ್ನೋದರ ವಿವರ ಇಲ್ಲಿದೆ.

ಕೋರ್ಸ್ ಏನು?

ಪೂರ್ತಿ ಹೆಸರು ಬಿಎಸ್ಸಿ (ಆನರ್ಸ್) ಫಾರೆಸ್ಟ್ರಿ, ಕನ್ನಡದಲ್ಲಿ ಅರಣ್ಯಶಾಸ್ತ್ರ ಪದವಿ. ನಾಲ್ಕು ವರ್ಷ, ಎಂಟು ಸೆಮಿಸ್ಟರ್. ಇದು ಸಾಮಾನ್ಯ ಡಿಗ್ರಿ ಕಾಲೇಜಿನ ಬಿಎಸ್ಸಿ ಅಲ್ಲ, ಬಿಎಸ್ಸಿ ಅಗ್ರಿ ಇದ್ದಂಗೆ ಕೃಷಿ ವಿಶ್ವವಿದ್ಯಾಲಯಗಳ ಅಡಿ ನಡೆಯುವ ವೃತ್ತಿಪರ ಪದವಿ.

ಗಿಡಗಳನ್ನು ಗುರುತಿಸುವುದು, ಸಸಿ ಬೆಳೆಸಿ ನೆಡುತೋಪು ಮಾಡುವುದು, ಮರದ ಅಳತೆ, ಕಾಡಿನ ಪರಿಸರ ವಿಜ್ಞಾನ, ಮಣ್ಣು, ಮರಗಳ ರೋಗ, ಮರ ತಿನ್ನುವ ಹುಳುಗಳು, ವನ್ಯಜೀವಿ, ಕೃಷಿ ಅರಣ್ಯ, ಕಟ್ಟಿಗೆಯ ಗುಣ, ಜೇನು, ಅಂಟು, ಸೀಗೆಯಂಥ ಕಿರು ಉತ್ಪನ್ನ, ಅರಣ್ಯ ಕಾಯ್ದೆ, ಉಪಗ್ರಹ ಚಿತ್ರ ನೋಡಿ ನಕ್ಷೆ ಮಾಡೋದು, ಇವೆಲ್ಲ ಪಾಠದಲ್ಲಿ ಬರುತ್ತವೆ. ಕೊನೆಯ ವರ್ಷ ವಿದ್ಯಾರ್ಥಿಗಳನ್ನು ಅರಣ್ಯ ಇಲಾಖೆಯ ವಲಯಗಳಿಗೆ, ಹಳ್ಳಿಗಳಿಗೆ ಕಳಿಸಿ ಕೆಲಸ ಕಲಿಸುತ್ತಾರೆ. ಕೂತು ಓದೋದಕ್ಕಿಂತ ನಡೆದು ಓದೋದು ಜಾಸ್ತಿ. ಬಿಸಿಲು, ಮಳೆ, ಜಿಗಣೆ ಸಹಿಸದವರಿಗೆ ಇದು ಒಗ್ಗೋದಿಲ್ಲ.

ಕಾಡಿನ ಆರೋಗ್ಯ ಅಂದ್ರೇನು?

ಹಸಿರು ಕಂಡ್ರ ಕಾಡು ಚೆನ್ನಾಗಿದೆ ಅಂತ ನಾವೆಲ್ಲ ಅಂದುಕೊಳ್ಳೋದು ಸಹಜ. ಓದಿದವರು ಹಾಗೆ ನೋಡೋದಿಲ್ಲ. ಕಾಡಿನಲ್ಲಿ ಒಂದು ಚೌಕ ಗುರುತು ಮಾಡಿ, ಅದರೊಳಗಿನ ಪ್ರತಿ ಗಿಡ ಎಣಿಸುತ್ತಾರೆ. ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಅಂದರೆ ಹೆಚ್ಚುಕಡಿಮೆ ಎದೆಮಟ್ಟದಲ್ಲಿ ಟೇಪು ಸುತ್ತಿ ದಪ್ಪ ಅಳೆಯುತ್ತಾರೆ. ದೊಡ್ಡ ಮರ ಎಷ್ಟು, ನಡುವಯಸ್ಸಿನವು ಎಷ್ಟು, ಈ ವರ್ಷ ಹುಟ್ಟಿದ ಸಸಿ ಎಷ್ಟು ಅಂತ ಲೆಕ್ಕ ಹಾಕುತ್ತಾರೆ. ಮುದುಕರೇ ಇದ್ದು ಮಕ್ಕಳಿಲ್ಲದ ಮನೆಯಂತೆ, ದೊಡ್ಡ ಮರಗಳಿದ್ದು ಸಸಿಗಳಿಲ್ಲದ ಕಾಡು ಎಷ್ಟೇ ಹಸಿರಿದ್ದರೂ ಮುಂದೆ ಉಳಿಯೋದಿಲ್ಲ.

ರೋಗದ ವಿಷಯದಲ್ಲೂ ಹಾಗೇ. ಉತ್ತರ ಕನ್ನಡದ ಕಡೆ ಮಳೆ ಶುರುವಾಗುತ್ತಲೇ ಸಾಗವಾನಿ ಎಲೆಯನ್ನು ಹುಳು ತಿಂದು ಇಡೀ ತೋಪು ಬೋಳಾಗೋದುಂಟು. ನೋಡಿದವರು ಮರ ಸತ್ತೇ ಹೋಯ್ತು ಅನ್ನುತ್ತಾರೆ. ಕೆಲವೇ ವಾರದಲ್ಲಿ ಅದು ಮತ್ತೆ ಚಿಗುರುತ್ತದೆ. ಆ ವರ್ಷದ ಬೆಳವಣಿಗೆ ಕುಂಠಿತ ಆಗುತ್ತದೆ, ಅಷ್ಟೇ. ಇನ್ನೊಂದು ಕಡೆ ಶ್ರೀಗಂಧದ ಸ್ಪೈಕ್ ರೋಗ ಇದೆ. 1899ರಲ್ಲಿ ಕೊಡಗಿನಲ್ಲಿ ಇದನ್ನು ಮೊದಲು ದಾಖಲು ಮಾಡಿದರು. ಫೈಟೋಪ್ಲಾಸ್ಮಾ ಅನ್ನುವ ಕಣ್ಣಿಗೆ ಕಾಣದ ಜೀವಿ ಇದಕ್ಕೆ ಕಾರಣ. ಎಲೆ ಚಿಕ್ಕದಾಗುತ್ತಾ, ಒತ್ತೊತ್ತಾಗಿ ಮುಳ್ಳಿನಂತೆ ನೆಟ್ಟಗೆ ನಿಲ್ಲುತ್ತವೆ. ಹೊರಗಿನವರಿಗೆ ಗಿಡ ಚಿಗುರಿದಂತೆ ಕಾಣುತ್ತದೆ, ಆದರೆ ಕೆಲವು ವರ್ಷದಲ್ಲಿ ಅದು ಸಾಯುತ್ತದೆ. ನೂರು ವರ್ಷ ದಾಟಿದರೂ ಪಕ್ಕಾ ಔಷಧ ಸಿಕ್ಕಿಲ್ಲ.

ಬೋಳಾಗಿದ್ದು ಬದುಕಿತು, ಚಿಗುರಿದಂತೆ ಕಂಡದ್ದು ಸತ್ತಿತು. ಯಾವುದು ಯಾವುದು ಅಂತ ಹೇಳೋದೇ ಈ ಓದು.

ಕಾಡಿನ ಆರೋಗ್ಯ ಮನುಷ್ಯರ ಆರೋಗ್ಯಕ್ಕೂ ತಾಗುತ್ತದೆ. ಮಂಗನ ಕಾಯಿಲೆ ಅಂತ ಕರೆಯೋ ಜ್ವರ 1957ರಲ್ಲಿ ಪತ್ತೆಯಾದದ್ದು ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗು ಕಚ್ಚಿ ಹರಡುವ ರೋಗ ಅದು. ಕಾಡಿನಲ್ಲಿ ಮಂಗ ಸತ್ತು ಬಿದ್ದರೆ ಆರೋಗ್ಯ ಇಲಾಖೆಗೆ ಅದೇ ಎಚ್ಚರಿಕೆ ಗಂಟೆ. ಕಾಡು ನೋಡುವವರು, ದನ ನೋಡುವವರು, ಜನರನ್ನು ನೋಡುವ ಡಾಕ್ಟರು ಒಟ್ಟಿಗೆ ಕೂತರೆ ಮಾತ್ರ ಇಂಥ ರೋಗ ಹತೋಟಿಗೆ ಬರುತ್ತದೆ.

ಅಂಗಡಿ ಮುಂದಿನ ಬೇವೇ ಪಾಠ

ಮಲೆನಾಡಿನ ಉದಾಹರಣೆ ಯಾಕೆ, ಈ ಕಡೆ ಅಂಗಡಿ ಮುಂದೆ, ಬಸ್ ನಿಲ್ದಾಣದ ಹತ್ತಿರ ನೆರಳು ಕೊಡೋದು ಬೇವು. ಈಚಿನ ವರ್ಷಗಳಲ್ಲಿ ತೆಲಂಗಾಣ, ಕರ್ನಾಟಕದ ಹಲವು ಕಡೆ ಬೇವಿನ ಟೊಂಗೆಗಳು ತುದಿಯಿಂದ ಒಣಗಿ, ಬೆಂಕಿ ತಾಗಿದಂತೆ ಕಂದು ಬಣ್ಣಕ್ಕೆ ತಿರುಗಿದ್ದನ್ನು ಜನ ನೋಡಿದ್ದಾರೆ. ಇದಕ್ಕೆ ಫೋಮಾಪ್ಸಿಸ್ ಅನ್ನುವ ಶಿಲೀಂಧ್ರ ಮುಖ್ಯ ಕಾರಣ. ಬೇವಿಗೆ ಬರುವ ಈ ಶಿಲೀಂಧ್ರವನ್ನು ಹೊಸ ಪ್ರಭೇದ ಅಂತ 1997ರಲ್ಲಿ ವಿವರಿಸಿದವರು ಮೈಸೂರಿನ ವಿಜ್ಞಾನಿಗಳು. ರಸ ಹೀರುವ ಟೀ ಸೊಳ್ಳೆ ತಿಗಣೆಯೂ ಸೇರಿಕೊಂಡರೆ ಗಿಡದ ಪರಿಸ್ಥಿತಿ ಇನ್ನೂ ಕೆಡುತ್ತದೆ.

ಮಳೆಗಾಲದಲ್ಲಿ ಶುರುವಾಗಿ ಚಳಿಗಾಲದ ಹೊತ್ತಿಗೆ ರೋಗ ಜೋರಾಗುತ್ತದೆ. ಆಗ ಗಿಡ ಸತ್ತೇ ಹೋಯ್ತು ಅಂತ ಬುಡಕ್ಕೆ ಕೊಡಲಿ ಹಾಕುವವರಿದ್ದಾರೆ. ಬಹಳಷ್ಟು ಗಿಡ ಬೇಸಿಗೆ ಹೊತ್ತಿಗೆ ಮತ್ತೆ ಚಿಗುರುತ್ತವೆ. ಒಣಗಿದ ಟೊಂಗೆ ಕತ್ತರಿಸಿ ಸುಡುವುದು, ಎಳೆ ಗಿಡಗಳಿಗೆ ಶಿಲೀಂಧ್ರನಾಶಕ ಹೊಡೆಯುವುದು ಸಾಮಾನ್ಯವಾಗಿ ಕೊಡುವ ಸಲಹೆ. ಯಾವ ಔಷಧ, ಎಷ್ಟು ಪ್ರಮಾಣ ಅನ್ನೋದನ್ನು ರಾಯಚೂರಿನ ಕೃಷಿ ವಿಜ್ಞಾನ ಕೇಂದ್ರದವರನ್ನೇ ಕೇಳೋದು ಒಳ್ಳೇದು. ರಸ್ತೆ ಬದಿ, ಸರ್ಕಾರಿ ಜಾಗದ ಗಿಡ ಕಡಿಯಲು ಹೇಗಿದ್ದರೂ ಅನುಮತಿ ಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದಕ್ಕಾಗಿಯೇ ಇದೆ.

ಇಲ್ಲಿ ನಷ್ಟ ನೆರಳಿನದ್ದು ಮಾತ್ರ ಅಲ್ಲ. ಹೂವು ಬರುವ ತುದಿಯೇ ಒಣಗೋದರಿಂದ ಬೇವಿನ ಬೀಜ ಕಡಿಮೆಯಾಗುತ್ತದೆ. ಬೀಜ ಆರಿಸಿ ಮಾರುವ ಹೆಣ್ಣುಮಕ್ಕಳ ಕೈಗೆ ಬರುವ ನಾಲ್ಕು ಕಾಸು ತಪ್ಪುತ್ತದೆ.

ಸವಳು, ಜಾಲಿ, ಗಂಧ: ಈ ಭಾಗದ ಮೂರು ಪ್ರಶ್ನೆ

ತುಂಗಭದ್ರಾ ಎಡದಂಡೆ ಕಾಲುವೆ ನೀರು ಈ ಸೀಮೆಯ ಹೊಟ್ಟೆ ತುಂಬಿಸಿದೆ. ಅದೇ ನೀರು ಹೆಚ್ಚಾದ ಕಡೆ ನೆಲ ಜೌಗಾಗಿ, ಉಪ್ಪು ಮೇಲೆದ್ದು ಸವಳಾಗಿದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಭೂಮಿ ಮೇಲೆ ಬಹಳ ವರ್ಷದಿಂದ ಅಧ್ಯಯನ ನಡೆದಿದೆ. ಭತ್ತವೂ ಬಾರದ ಅಂಥ ನೆಲದಲ್ಲಿ ಬೇರಿನಿಂದ ನೀರೆಳೆದು ತೇವ ಇಳಿಸುವ ಮರ ಹಚ್ಚೋದು ಒಂದು ದಾರಿ. ಯಾವ ಮರ, ಎಷ್ಟು ಅಂತರ, ಎಷ್ಟು ಉಪ್ಪು ತಡೆಯುತ್ತದೆ ಅನ್ನೋದು ಅರಣ್ಯಶಾಸ್ತ್ರದ ಲೆಕ್ಕ.

ಎರಡನೆಯದು ಬಳ್ಳಾರಿ ಜಾಲಿ. 19ನೇ ಶತಮಾನದ ಕೊನೆಯಲ್ಲಿ ಅಮೆರಿಕ ಖಂಡದಿಂದ ಭಾರತಕ್ಕೆ ತಂದ ಗಿಡ ಇದು. ಬರಡು ನೆಲದಲ್ಲೂ ಬರುತ್ತದೆ, ಉರುವಲಾಗುತ್ತದೆ, ಇದ್ದಿಲಾಗುತ್ತದೆ. ಆದರೆ ಅದರ ಬುಡದಲ್ಲಿ ಹುಲ್ಲು, ಬೇರೆ ಸಸಿ ಏಳೋದು ಕಷ್ಟ. ಹಳ್ಳ, ಕೆರೆ ಅಂಗಳ, ಗೋಮಾಳ ಎಲ್ಲ ಆವರಿಸುತ್ತದೆ. ಕಿತ್ತೊಗೆದರೆ ಬಡವರ ಒಲೆಗೆ ಕಟ್ಟಿಗೆ ಎಲ್ಲಿಂದ? ಬಿಟ್ಟರೆ ಕುರಿಗೆ ಹುಲ್ಲು ಎಲ್ಲಿಂದ? ಬುಡ ಕಡಿದು ಬಿಟ್ಟರೆ ಮತ್ತೆ ಹತ್ತು ಟೊಂಗೆಯಾಗಿ ಏಳುತ್ತದೆ ಅಂತ ರೈತರಿಗೂ ಗೊತ್ತು. ಕಿತ್ತ ಜಾಗಕ್ಕೆ ಬನ್ನಿ, ಕರಿಜಾಲಿ, ಕಮರ, ಹೊಂಗೆಯಂಥ ಈ ನೆಲದ ಗಿಡ ಬರುವಂತೆ ನೋಡಿಕೊಳ್ಳೋದು ಅರ್ಧ ಕೆಲಸ. ಉರುವಲಿಗೆ ಬೇರೆ ದಾರಿ ತೋರಿಸೋದು ಉಳಿದರ್ಧ.

ಮೂರನೆಯದು ಶ್ರೀಗಂಧ. 2001ರಲ್ಲಿ ರಾಜ್ಯದ ಅರಣ್ಯ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಸ್ವಂತ ಹೊಲದ ಗಂಧದ ಗಿಡಕ್ಕೆ ರೈತನೇ ಮಾಲೀಕ. ಕಡಿಯೋಕೆ, ಸಾಗಿಸೋಕೆ ಮಾತ್ರ ಇಲಾಖೆ ಅನುಮತಿ ಬೇಕು. ಗಂಧ ಒಂಟಿಯಾಗಿ ಬದುಕುವ ಗಿಡ ಅಲ್ಲ. ಅದರ ಬೇರು ಪಕ್ಕದ ಗಿಡದ ಬೇರಿಗೆ ಅಂಟಿ ಅಲ್ಲಿಂದ ಆಹಾರ ಎಳೆಯುತ್ತದೆ. ಮೊದಲಿಗೆ ತೊಗರಿಯಂಥದ್ದು, ಆಮೇಲೆ ದೊಡ್ಡ ಆಸರೆ ಗಿಡ ಇಲ್ಲದಿದ್ದರೆ ಅದು ಸೊರಗುತ್ತದೆ. ಇದನ್ನು ಹೇಳದೆ ಸಸಿ ಮಾತ್ರ ಮಾರುವವರ ಮಾತು ನಂಬಿ ದುಡ್ಡು ಹಾಕಿದರೆ ಹತ್ತು ಹದಿನೈದು ವರ್ಷ ಕಾದ ಮೇಲೆ ಪಶ್ಚಾತ್ತಾಪ ಪಡಬೇಕಾಗುತ್ತದೆ.

ಕಾಲೇಜು ಎಲ್ಲಿವೆ?

ಕರ್ನಾಟಕದಲ್ಲಿ ಹೆಸರಾದ ಸರ್ಕಾರಿ ಅರಣ್ಯ ಕಾಲೇಜು ಎರಡು.

ಒಂದು, ಉತ್ತರ ಕನ್ನಡದ ಶಿರಸಿಯಲ್ಲಿರೋದು. ಧಾರವಾಡ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದೆ. ಜವಳಗೇರಾದಿಂದ ಸುಮಾರು 300 ಕಿ.ಮೀ. ಸಿಂಧನೂರಿನಿಂದ ಹುಬ್ಬಳ್ಳಿ ಹಿಡಿದು ಹೋಗಬಹುದು.

ಎರಡು, ಕೊಡಗಿನ ಪೊನ್ನಂಪೇಟೆಯದ್ದು. ಈಗ ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿ ಇದೆ. ದೂರ 500 ಕಿ.ಮೀ. ಮೇಲೆ.

ರಾಯಚೂರಿನಲ್ಲೇ ಕೃಷಿ ವಿಶ್ವವಿದ್ಯಾಲಯ ಇದ್ದರೂ ಅಲ್ಲಿ ಅರಣ್ಯ ಕಾಲೇಜು ಇಲ್ಲ. ಬಿಎಸ್ಸಿ ಅಗ್ರಿಯೊಳಗೆ ಅರಣ್ಯಶಾಸ್ತ್ರ ಒಂದು ಸಣ್ಣ ಪಾಠವಾಗಿ ಬರುತ್ತದೆ. ಎರಡೂ ಅರಣ್ಯ ಕಾಲೇಜು ಮಲೆನಾಡು, ಪಶ್ಚಿಮ ಘಟ್ಟದ ನಡುವೆ ಇರೋದರಿಂದ ಮಕ್ಕಳು ಕಣ್ಣಾರೆ ನೋಡೋದು ಹೆಚ್ಚಾಗಿ ಆ ಕಡೆಯ ಕಾಡನ್ನೇ. ಒಣನಾಡಿನ ಕುರುಚಲು ಕಾಡಿನ ಬಗ್ಗೆ ಆಸಕ್ತಿ ಇರುವವರು ಪ್ರಾಜೆಕ್ಟ್‌ಗೆ ಈ ಭಾಗವನ್ನೇ ಆರಿಸಿಕೊಂಡರೆ ಊರಿಗೂ ಉಪಯೋಗ. ಮಸ್ಕಿ, ಮುದಗಲ್ ಕಡೆಯ ಕಲ್ಲುಗುಡ್ಡಗಳಲ್ಲೂ ಅಧ್ಯಯನಕ್ಕೆ ಬೇಕಾದಷ್ಟು ಇದೆ.

ಸೇರೋದು ಹೇಗೆ?

ಪಿಯುಸಿಯಲ್ಲಿ ವಿಜ್ಞಾನ ಇರಬೇಕು, ಅದರಲ್ಲೂ ಜೀವಶಾಸ್ತ್ರ ಇರಲೇಬೇಕು. ಪಿಸಿಎಂಬಿ ತೊಗೊಂಡವರಿಗೆ ದಾರಿ ಸಲೀಸು. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಸಿಇಟಿ ಬರೆಯಬೇಕು. ಪರೀಕ್ಷೆ ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ ಇರುತ್ತದೆ, ಅರ್ಜಿ ಅದಕ್ಕೂ ಎರಡು ಮೂರು ತಿಂಗಳು ಮೊದಲೇ ಶುರುವಾಗುತ್ತದೆ. ಕೃಷಿ ಸಂಬಂಧಿ ಕೋರ್ಸ್‌ಗಳ ರ‍್ಯಾಂಕಿಗೆ ಸಿಇಟಿ ಅಂಕದ ಜೊತೆ ಪಿಯುಸಿ ಅಂಕವೂ ಲೆಕ್ಕಕ್ಕೆ ಬರುತ್ತದೆ. "ಸಿಇಟಿ ನೋಡ್ಕೊಂಡ್ರಾಯ್ತು" ಅಂತ ಬೋರ್ಡ್ ಪರೀಕ್ಷೆ ಬಿಟ್ಟವರು ಇಲ್ಲೇ ಹಿಂದೆ ಬೀಳ್ತಾರೆ.

ಈ ಭಾಗದ ಮಕ್ಕಳಿಗೆ ಎರಡು ಅನುಕೂಲ ಇವೆ. ಗೊತ್ತಿಲ್ಲದೆ ಬಿಟ್ಟುಕೊಡುವವರೇ ಜಾಸ್ತಿ.

ಮೊದಲನೆಯದು ರೈತರ ಮಕ್ಕಳ ಕೋಟಾ. ಹೊಲ ಇರುವ, ಕೃಷಿ ಆದಾಯದಿಂದ ಬದುಕುವ ಮನೆಯ ಮಕ್ಕಳಿಗೆ ದೊಡ್ಡ ಪಾಲು ಸೀಟು ಮೀಸಲು. ಅದಕ್ಕೆ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಬೀಜ, ಗೊಬ್ಬರ, ಒಕ್ಕಲುತನದ ಸಾಮಾನುಗಳನ್ನು ಗುರುತಿಸೋದು ಅದರೊಳಗೆ ಬರುತ್ತದೆ. ಅಪ್ಪನ ಜೊತೆ ಹೊಲಕ್ಕೆ ಹೋದ ಹುಡುಗರಿಗೆ ಇದು ಕಷ್ಟ ಅಲ್ಲ. ಆದರೆ ಅರ್ಜಿ ತುಂಬುವಾಗಲೇ ಈ ಕೋಟಾ ಕೇಳಿಕೊಳ್ಳಬೇಕು. ಆಮೇಲೆ ನೆನಪಾದರೆ ಉಪಯೋಗ ಇಲ್ಲ.

ಎರಡನೆಯದು 371(ಜೆ). ಕಲ್ಯಾಣ ಕರ್ನಾಟಕದ ಅಭ್ಯರ್ಥಿಗಳಿಗೆ ಈ ಭಾಗದ ಸಂಸ್ಥೆಗಳಲ್ಲಿ ಶೇ 70, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8ರಷ್ಟು ಸೀಟು ಮೀಸಲು. ಶಿರಸಿ, ಪೊನ್ನಂಪೇಟೆಗೆ ಅನ್ವಯ ಆಗೋದು ಆ ಶೇ 8. ಇದರ ಅರ್ಹತಾ ಪತ್ರ ಕೊಡೋದು ಉಪವಿಭಾಗಾಧಿಕಾರಿ. ಸಿಂಧನೂರು, ಮಸ್ಕಿ, ಲಿಂಗಸುಗೂರಿನವರಿಗೆ ಅದು ಲಿಂಗಸುಗೂರು ಉಪವಿಭಾಗ.

ಮೊದಲೇ ಮಾಡಿಸಿ ಇಟ್ಟುಕೊಳ್ಳಬೇಕಾದ ಕಾಗದ:

• ಜಾತಿ ಮತ್ತು ಆದಾಯ ಪ್ರಮಾಣಪತ್ರ
• 371(ಜೆ) ಅರ್ಹತಾ ಪತ್ರ
• ರೈತರ ಕೋಟಾಕ್ಕೆ ಪಹಣಿ, ಕೃಷಿ ಆದಾಯದ ಪ್ರಮಾಣಪತ್ರ
• ಕನ್ನಡ ಮಾಧ್ಯಮ, ಗ್ರಾಮೀಣ ವ್ಯಾಸಂಗದ ಪ್ರಮಾಣಪತ್ರ (ಓದಿದ ಶಾಲೆಯಿಂದ)
• ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ, ಆಧಾರ್

ಪ್ರತಿ ವರ್ಷ ನಿಯಮಗಳಲ್ಲಿ ಸಣ್ಣಪುಟ್ಟ ಬದಲಾವಣೆ ಆಗುತ್ತವೆ. ಆ ವರ್ಷದ ಸಿಇಟಿ ಮಾಹಿತಿ ಪುಸ್ತಕ ಓದದೆ ಯಾರದೋ ಮಾತು ಕೇಳಿ ಅರ್ಜಿ ತುಂಬಬಾರದು. ಸಿಇಟಿ ಅಲ್ಲದೆ ಸಿಯುಇಟಿ ಬರೆದು ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಕೋಟಾದಡಿ ಬೇರೆ ರಾಜ್ಯದ ಕಾಲೇಜಿಗೂ ಹೋಗಬಹುದು.

ಖರ್ಚಿನ ಮಾತು

ಸರ್ಕಾರಿ ಸೀಟಿನ ಫೀ ಎಂಜಿನಿಯರಿಂಗ್, ಮೆಡಿಕಲ್ ಖಾಸಗಿ ಕಾಲೇಜಿನ ಫೀ ಮುಂದೆ ದೊಡ್ಡದಲ್ಲ. ಖರ್ಚು ಬೀಳೋದು ಹಾಸ್ಟೆಲ್, ಊಟ, ಓಡಾಟ, ಪ್ರವಾಸಕ್ಕೆ. ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ರೈತರ ಮಕ್ಕಳಿಗೆ ಅಂತ 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯ ಬಗ್ಗೆಯೂ ವಿಚಾರಿಸಬೇಕು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗದೆ ದುಡ್ಡು ನಿಲ್ಲೋದು ಸಾಮಾನ್ಯ ತೊಂದರೆ. ಅದನ್ನು ಊರಲ್ಲಿದ್ದಾಗಲೇ ಸರಿಮಾಡಿಕೊಂಡರೆ ಶಿರಸಿಯಿಂದ ಓಡಿಬರೋದು ತಪ್ಪುತ್ತದೆ.

ಓದಿದ ಮೇಲೆ?

ಎಲ್ಲರ ಕಣ್ಣು ಇರೋದು ವಲಯ ಅರಣ್ಯಾಧಿಕಾರಿ, ಅಂದರೆ ಆರ್‌ಎಫ್‌ಒ ಹುದ್ದೆ ಮೇಲೆ. ಇದರ ನೇರ ನೇಮಕಾತಿಯಲ್ಲಿ ಅರಣ್ಯ ಪದವೀಧರರಿಗೆ ಒಂದು ಪಾಲು ಮೀಸಲಿದೆ. ಆ ಪಾಲು ಎಷ್ಟಿರಬೇಕು ಅನ್ನೋದೇ ವರ್ಷಗಳಿಂದ ನಡೆದ ಜಗಳ, ಅರಣ್ಯ ಕಾಲೇಜಿನ ವಿದ್ಯಾರ್ಥಿಗಳು ತರಗತಿ ಬಿಟ್ಟು ಧರಣಿ ಕೂತದ್ದೂ ಇದೆ. ಜೊತೆಗೆ ಈ ನೇಮಕಾತಿ ಪ್ರತಿ ವರ್ಷ ನಡೆಯೋದಿಲ್ಲ. ಡಿಗ್ರಿ ಕೈಗೆ ಬಂದ ದಿನವೇ ಖಾಕಿ ಹಾಕ್ತೀನಿ ಅಂತ ನಂಬಿ ಹೋದವರು ನಿರಾಸೆ ಪಡಬೇಕಾದೀತು.

ಕೇಂದ್ರದ ಭಾರತೀಯ ಅರಣ್ಯ ಸೇವೆಗೆ ಯುಪಿಎಸ್‌ಸಿ ಪರೀಕ್ಷೆ ಇದೆ. 2013ರಿಂದ ಇದರ ಪೂರ್ವಭಾವಿ ಪರೀಕ್ಷೆ ಐಎಎಸ್ ಪರೀಕ್ಷೆ ಜೊತೆಗೇ ನಡೆಯುತ್ತದೆ. ಬ್ಯಾಂಕ್‌ಗಳ ಕೃಷಿ ಕ್ಷೇತ್ರಾಧಿಕಾರಿ ಹುದ್ದೆಗೂ ನಾಲ್ಕು ವರ್ಷದ ಅರಣ್ಯ ಪದವಿ ನಡೆಯುತ್ತದೆ. ಇದು ಬಹಳ ಮಂದಿಗೆ ಗೊತ್ತಿಲ್ಲ. ಕಾಗದ ಕಾರ್ಖಾನೆಗಳ ಸಸಿ ವಿಭಾಗ, ಪ್ಲೈವುಡ್ ಕಂಪನಿ, ನರ್ಸರಿ, ಜಲಾನಯನ ಕೆಲಸ ಮಾಡುವ ಸಂಸ್ಥೆಗಳಲ್ಲೂ ಅವಕಾಶ ಇವೆ. ಮುಂದೆ ಓದುವವರಿಗೆ ಶಿರಸಿ, ಪೊನ್ನಂಪೇಟೆಯಲ್ಲೇ ಎಂಎಸ್ಸಿ ಇದೆ. ಡೆಹ್ರಾಡೂನ್‌ನ ಅರಣ್ಯ ಸಂಶೋಧನಾ ಸಂಸ್ಥೆ, ಭೋಪಾಲ್‌ನ ಭಾರತೀಯ ಅರಣ್ಯ ನಿರ್ವಹಣಾ ಸಂಸ್ಥೆ ದೇಶಮಟ್ಟದಲ್ಲಿ ಹೆಸರಾದವು. ಬೆಂಗಳೂರಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಶ್ರೀಗಂಧದ ಮೇಲೆ ಸಂಶೋಧನೆ ನಡೆಯುತ್ತದೆ.

ಸೈನ್ಸ್ ಇಲ್ಲದವರು, ಡಿಗ್ರಿ ಬಿಟ್ಟವರು ಏನ್ ಮಾಡಬೇಕು?

ಬಾಗಿಲು ಪೂರ್ತಿ ಮುಚ್ಚಿಲ್ಲ. ಅರಣ್ಯ ಇಲಾಖೆಯ ಅರಣ್ಯ ವೀಕ್ಷಕ ಹುದ್ದೆಗೆ ಎಸ್ಸೆಸ್ಸೆಲ್ಸಿ, ಗಸ್ತು ಅರಣ್ಯ ಪಾಲಕ ಹುದ್ದೆಗೆ ಪಿಯುಸಿ ವಿದ್ಯಾರ್ಹತೆ. ದೈಹಿಕ ಪರೀಕ್ಷೆ ಇರುತ್ತದೆ. ಕಾಡಿನ ಆರೋಗ್ಯವನ್ನು ದಿನಾ ನೋಡುವವರು ಇವರೇ. ಬೆಂಕಿ ಎಲ್ಲಿ ಬಿತ್ತು, ಯಾವ ಗಿಡ ಒಣಗಿತು ಅಂತ ಮೊದಲು ಗೊತ್ತಾಗೋದು ಇವರಿಗೆ.

ಸಿಂಧನೂರು, ಲಿಂಗಸುಗೂರಿನ ಡಿಗ್ರಿ ಕಾಲೇಜಿನಲ್ಲಿ ಬಿಎಸ್ಸಿ ಮಾಡುತ್ತಿರುವವರಿಗೂ ದಾರಿ ಇದೆ. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರದಂಥ ವಿಷಯ ಓದಿದವರು ಡೆಹ್ರಾಡೂನ್‌ನ ಎಂಎಸ್ಸಿ ಫಾರೆಸ್ಟ್ರಿ ಪ್ರವೇಶ ಪರೀಕ್ಷೆ ಬರೆಯಬಹುದು. ಭಾರತೀಯ ಅರಣ್ಯ ಸೇವೆಯ ಪರೀಕ್ಷೆಗೂ ಅದೇ ವಿಷಯಗಳು ಸಾಕು.

ಓದು ಬೇಡ, ಹೊಲ ಇದೆ ಅನ್ನುವವರಿಗೆ 2011–12ರಲ್ಲಿ ಶುರುವಾದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಇದೆ. ಇಲಾಖೆ ನರ್ಸರಿಯಿಂದ ಕಡಿಮೆ ದರದಲ್ಲಿ ಸಸಿ ಒಯ್ದು ಹಚ್ಚಿದರೆ, ಬದುಕುಳಿದ ಪ್ರತಿ ಸಸಿಗೆ ಮೂರು ವರ್ಷ ಪ್ರೋತ್ಸಾಹಧನ ಕೊಡುತ್ತಾರೆ. ಈಗಿನ ದರ, ಸಿಗುವ ಸಸಿಗಳ ಪಟ್ಟಿ ತಾಲ್ಲೂಕಿನ ವಲಯ ಅರಣ್ಯ ಕಚೇರಿಯಲ್ಲಿ ಸಿಗುತ್ತದೆ. ಮಳೆಗಾಲಕ್ಕೆ ಮೊದಲೇ ಹೆಸರು ಬರೆಸಬೇಕು.

ನಿರ್ಧಾರ ಯಾವಾಗ?

ಬಹಳ ಮನೆಗಳಲ್ಲಿ ಈ ಚರ್ಚೆ ನಡೆಯೋದು ಸಿಇಟಿ ಸೀಟು ಹಂಚಿಕೆಯ ದಿನ, ಕಂಪ್ಯೂಟರ್ ಅಂಗಡಿಯಲ್ಲಿ ಆಯ್ಕೆ ಪಟ್ಟಿ ತುಂಬುವಾಗ. ಅಷ್ಟೊತ್ತಿಗೆ ತಡವಾಗಿರುತ್ತದೆ. ನಿಜವಾದ ನಿರ್ಧಾರ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರವೇ ಆಗುತ್ತದೆ. ಸೈನ್ಸ್ ತೊಗೊಳ್ಳೋದೋ ಬಿಡೋದೋ, ಜೀವಶಾಸ್ತ್ರ ಇಟ್ಟುಕೊಳ್ಳೋದೋ ಕಂಪ್ಯೂಟರ್ ಸೈನ್ಸ್‌ಗೆ ಹೋಗೋದೋ ಅನ್ನೋದರ ಮೇಲೆ ಈ ದಾರಿ ತೆರೆಯುತ್ತದೆ ಅಥವಾ ಮುಚ್ಚುತ್ತದೆ.

ಮಗ ಮಗಳಿಗೆ ಈ ಓದು ಒಗ್ಗುತ್ತದೋ ಇಲ್ಲವೋ ತಿಳಿಯೋಕೆ ಶಿರಸಿ ತನಕ ಹೋಗಬೇಕಿಲ್ಲ. ಒಂದು ಭಾನುವಾರ ಊರಿನ ಹತ್ತು ಗಿಡದ ಹೆಸರು ಬರೆದು, ಎದೆಮಟ್ಟದಲ್ಲಿ ದಾರ ಸುತ್ತಿ ದಪ್ಪ ಅಳೆದು, ಒಣಗಿದ ಟೊಂಗೆ ಎಣಿಸಿಕೊಂಡು ಬರೋಕೆ ಹೇಳಿ. ಅರ್ಧ ದಿನಕ್ಕೇ ಬೇಜಾರಾಗಿ ಮನೆಗೆ ಬಂದರೆ ಬೇರೆ ಕೋರ್ಸ್ ನೋಡಿ. ಹನ್ನೊಂದನೇ ಗಿಡ ಯಾವುದು ಅಂತ ಕೇಳಿದರೆ, ಲಿಂಗಸುಗೂರಿನ ಉಪವಿಭಾಗ ಕಚೇರಿಗೆ ಹೋಗಿ 371(ಜೆ) ಕಾಗದ ಮಾಡಿಸಲು ಶುರು ಮಾಡಿ.